ನೆಲಮಾಳಿಗೆಯ ರೈಲು: ಅಕ್ಕನಿಗೊಂದು ಬಹಿರಂಗ ಉತ್ತರ

ಅಮೆರಿಕದಲ್ಲಿ ಎರಡು ತಿಂಗಳು ಇದ್ದು ನಾನು ಊರಿಗೆ ಮರಳಿದ ಮರುದಿನವೇ ಅಕ್ಕ ದೂರವಾಣಿ ಮಾಡಿದಳು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ ಮಾತು: "ಅವನಿಗೆ ಬುದ್ಧಿ ಹೇಳಿ ಬಂದೆಯೋ ಇಲ್ಲವೋ?" ಅವನು ಎಂದರೆ ಆಕೆಯ ಮಗ, ನನ್ನ ಸೋದರಳಿಯ. ವಯಸ್ಸು ಐವತ್ತು ದಾಟಿದೆ. ದಕ್ಷಿಣ ಪೆನ್ಸಿಲ್ವೇನಿಯಾದಲ್ಲಿ ಇಪ್ಪತ್ತು ವರ್ಷಗಳಿಂದ ನೆಲೆಸಿದ್ದಾನೆ. ಮನೆಯ ನೆಲಮಾಳಿಗೆಯಲ್ಲಿ ರಾತ್ರಿ ಹನ್ನೊಂದರವರೆಗೂ ಕುಳಿತು ಪುಟ್ಟ ರೈಲುಗಳನ್ನು ಕಟ್ಟುವುದು ಅವನ ಹವ್ಯಾಸ. "ಮಕ್ಕಳು ಆಡುವ ಆಟಿಕೆಗೆ ದೊಡ್ಡವರು ದುಡ್ಡು ಸುರಿಯುವುದೇ?" ಎಂಬುದು ಅಕ್ಕನ ದೂರು. ಬಂಧುಬಳಗದಲ್ಲಿ ಇನ್ನೂ ಕೆಲವರು ಇದೇ ಮಾತನ್ನು ಆಡುತ್ತಿರುವರೆಂದು ಬಲ್ಲೆ. ಆದುದರಿಂದ ಉತ್ತರವನ್ನು ಇಲ್ಲಿಯೇ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳೂ ಇದನ್ನು ಓದಬೇಕು. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ನಿಜ ಹೇಳುವುದಾದರೆ, ನಾನೂ ಬುದ್ಧಿ ಹೇಳುವ ಉದ್ದೇಶದಿಂದಲೇ ಆ ಮೆಟ್ಟಿಲುಗಳನ್ನು ಇಳಿದವನು. ನೆಲಮಾಳಿಗೆಯ ಒಂದು ಮೂಲೆಯಲ್ಲಿ ಮರದ ಚೌಕಟ್ಟುಗಳನ್ನು ಕಳಚಿ ಒರಗಿಸಿಟ್ಟಿದ್ದುದು ಮೊದಲು ಕಣ್ಣಿಗೆ ಬಿತ್ತು. "ಇದೇನಪ್ಪಾ?" ಎಂದು ಕೇಳಿದೆ. "ಇದು ನನ್ನ ಅಹಂಕಾರದ ಸಮಾಧಿ ಮಾಮ" ಎಂದು ನಕ್ಕ.

ಆರಂಭದಲ್ಲಿ ಅವನು ಕಟ್ಟಹೊರಟದ್ದು ಪೆನ್ಸಿಲ್ವೇನಿಯಾ ರೈಲ್‌ರೋಡಿನ ಹೆಸರಾಂತ ಹಾರ್ಸ್‌ಶೂ ಕರ್ವ್ ಎಂಬ ತಿರುವನ್ನಂತೆ. ಅಲ್ಟೂನಾ ಪಟ್ಟಣದ ಬಳಿ ಬೆಟ್ಟವನ್ನು ಏರಲು 1854ರಲ್ಲಿ ತೆರೆದ, ಕುದುರೆಯ ಲಾಳದ ಆಕಾರದ ತಿರುವು ಅದು. ಅದರ ಅಡ್ಡಗಲ ಸುಮಾರು 1,300 ಅಡಿ. ಮಾದರಿ ರೈಲಿನವರು ಬಹುವಾಗಿ ಬಳಸುವ ಎಚ್‌ಓ ಎಂಬ ಅಳತೆಯಲ್ಲಿ ಪ್ರಮಾಣ 1:87. ಗಣಿತ ಮರೆಯದ ನನ್ನ ವಿದ್ಯಾರ್ಥಿಗಳು ಭಾಗಿಸಿ ನೋಡಲಿ, 15 ಅಡಿ ಬರುತ್ತದೆ. ಸೋದರಳಿಯನ ಕೋಣೆಯಾದರೋ 11 ಅಡಿಗೆ 13 ಅಡಿ! ತಿರುವನ್ನು ಹಿಂಡಿ ಹಿಂಡಿ ಕೋಣೆಯೊಳಗೆ ತುರುಕಿದ. ಉದ್ದನೆಯ ಗಾಡಿಗಳು ಹಳಿ ತಪ್ಪಿದವು. ನೂರು ಡಬ್ಬಿಗಳ ಗಾಡಿ ಹತ್ತು ಡಬ್ಬಿಗೆ ಇಳಿಯಿತು. ನೋಡಿದವರಿಗೆ ಅದು ಜಾತ್ರೆಯ ರಾಟವಾಳದಂತೆ ಕಂಡಿತಂತೆ. ಎರಡು ವರ್ಷಗಳ ದುಡಿಮೆಯನ್ನು ತಾನೇ ಬಿಚ್ಚಿಹಾಕಿದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಎರಡನೆಯ ಬಾರಿ ಅವನು ಆರಿಸಿಕೊಂಡದ್ದು ಒಂದು ಶಾರ್ಟ್‌ಲೈನನ್ನು. ಅಮೆರಿಕದಲ್ಲಿ ರೈಲು ಮಾರ್ಗಗಳು ಬಹುಮಟ್ಟಿಗೆ ಖಾಸಗಿ ಕಂಪನಿಗಳ ಆಸ್ತಿ. ಖಂಡದುದ್ದಕ್ಕೂ ಹಬ್ಬಿದ ದೈತ್ಯ ಕಂಪನಿಗಳ ನಡುವೆ, ಹತ್ತಿಪ್ಪತ್ತು ಮೈಲಿಗಳ ಹಳಿ, ಒಂದೆರಡು ಎಂಜಿನ್ನು ಮತ್ತು ಬೆರಳೆಣಿಕೆಯ ಗಿರಾಕಿಗಳನ್ನು ನೆಚ್ಚಿಕೊಂಡು ಬದುಕುವ ಚಿಕ್ಕ ಕಂಪನಿಗಳಿವೆ. ಅವುಗಳಿಗೆ ಶಾರ್ಟ್‌ಲೈನ್ ಎಂದು ಹೆಸರು. 1980ರ ಸ್ಟ್ಯಾಗರ್ಸ್ ಕಾಯಿದೆಯ ಬಳಿಕ ದೊಡ್ಡ ಕಂಪನಿಗಳು ತಮಗೆ ಬೇಡವಾದ ಕವಲುಮಾರ್ಗಗಳನ್ನು ಮಾರುವುದು ಸುಲಭವಾಗಿ, ಇಂಥವುಗಳ ಸಂಖ್ಯೆ ಬೆಳೆಯಿತು. ಇಂದು ಸುಮಾರು 600 ಇವೆ. ಅಂಗಡಿಬೀದಿಯ ದೊಡ್ಡ ಮಳಿಗೆಗಳ ನಡುವೆ ನಮ್ಮ ಶೆಟ್ಟರ ಕಿರಾಣಿ ಅಂಗಡಿ ಇದ್ದ ಹಾಗೆ ಎಂದುಕೊಳ್ಳಿ.

ಸೋದರಳಿಯ ಆರಿಸಿದ್ದು ಮೇರಿಲ್ಯಾಂಡ್ ಅಂಡ್ ಪೆನ್ಸಿಲ್ವೇನಿಯಾ ಎಂಬ, ಎರಡು ಹಳೆಯ ಕಂಪನಿಗಳು ಕೂಡಿ 1901ರಲ್ಲಿ ಹುಟ್ಟಿದ ರೈಲನ್ನು. ಆ ಹೆಸರಿನ ಮೊದಲಕ್ಷರಗಳಿಂದ ಜನ ಅದನ್ನು "ಮಾ ಅಂಡ್ ಪಾ", ಎಂದರೆ ಅಮ್ಮ-ಅಪ್ಪ ಎಂದು ಕರೆದರು. ಬಾಲ್ಟಿಮೋರ್ ಮತ್ತು ಯಾರ್ಕ್ ನಗರಗಳ ನಡುವಿನ ನೇರ ದೂರ 50 ಮೈಲಿಯೊಳಗೇ ಇದ್ದರೂ, ಹಳ್ಳಕೊಳ್ಳಗಳನ್ನು ಅನುಸರಿಸಿ, ಹಳ್ಳಿಹಳ್ಳಿಗೂ ಬಾಗಿ ಬಳುಕಿ ಸಾಗಿದ ಈ ಮಾರ್ಗದ ಉದ್ದ 77 ಮೈಲಿ. ಹಾಲು, ಧಾನ್ಯ, ಕಲ್ಲುಹಂಚು ಇದರ ಸರಕು. ಲಾರಿಗಳು ಬಂದವು, ಸರಕು ಕರಗಿತು. 1954ರಲ್ಲಿ ಅಂಚೆ ಸಾಗಿಸುವ ಗುತ್ತಿಗೆ ಕೈತಪ್ಪಿದೊಡನೆ ಪ್ರಯಾಣಿಕರ ಗಾಡಿ ನಿಂತಿತು. 1958ರಲ್ಲಿ ಮೇರಿಲ್ಯಾಂಡಿನ ಭಾಗವನ್ನೇ ಕೈಬಿಟ್ಟರು.

ಒಂದು ಭಾನುವಾರ ಅವನು ನನ್ನನ್ನು ಮಡ್ಡಿ ಕ್ರೀಕ್ ಫೋರ್ಕ್ಸ್ ಎಂಬ ಹಳ್ಳಿಗೆ ಕರೆದೊಯ್ದ. ತೊರೆಯ ದಡದ ಪುಟ್ಟ ಊರು. ಅಂಗಡಿ, ಅಂಚೆ ಕಚೇರಿ, ರೈಲು ನಿಲ್ದಾಣ ಮೂರೂ ಒಂದೇ ಕಟ್ಟಡದಲ್ಲಿ ಇದ್ದವಂತೆ. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಆ ಕಟ್ಟಡಗಳನ್ನು ಈಗಲೂ ಆಸಕ್ತರು ಕಾಪಾಡಿಕೊಂಡು ಬಂದಿದ್ದಾರೆ. ಸೋದರಳಿಯ ಜೇಬಿನಿಂದ ಅಳತೆಯ ಟೇಪನ್ನು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ. ಗೋಡೆಯ ಉದ್ದ, ಕಿಟಕಿಯ ಎತ್ತರ, ಹಳಿಗೂ ಗಿರಣಿಗೂ ಇರುವ ಅಂತರ ಎಲ್ಲವನ್ನೂ ಅಳೆದು ಬರೆದುಕೊಂಡ. ಎಪ್ಪತ್ತು ದಾಟಿದ ನಾನು ಹುಲ್ಲಿನಲ್ಲಿ ಮಂಡಿಯೂರಿ ಟೇಪು ಹಿಡಿದು ಕುಳಿತಿದ್ದೆ. ಬುದ್ಧಿ ಹೇಳಬೇಕೆಂಬ ನೆನಪು ಆ ಹೊತ್ತಿಗೆ ಹಾರಿಹೋಗಿತ್ತು.

ಶಾರ್ಟ್‌ಲೈನಿನ ಮಾದರಿ ಏಕೆ ಮೇಲು ಎಂಬುದು ನನಗೆ ಅರ್ಥವಾದದ್ದು ಇಲ್ಲಿ. 77 ಮೈಲಿಗಳನ್ನು 87ರಿಂದ ಭಾಗಿಸಿದರೂ ಸುಮಾರು 4,670 ಅಡಿ ಉಳಿಯುತ್ತದೆ. ಅದನ್ನು ಪೂರ್ತಿ ಕಟ್ಟಲು ಯಾರಿಂದಲೂ ಆಗದು. ಆದರೆ ಗೋಡೆಯುದ್ದದ 12 ಅಡಿಯ ಹಲಗೆ ನಿಜದಲ್ಲಿ 1,000 ಅಡಿಗೂ ಮಿಗಿಲು. ಒಂದು ಪುಟ್ಟ ಹಳ್ಳಿಯ ಅಂಗಡಿ, ಗಿರಣಿ, ತೊರೆ, ಹಳಿಗಳು ಇಷ್ಟರಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಕೂರುತ್ತವೆ. ಗಾಡಿಯೂ ಚಿಕ್ಕದು, ಎಂಜಿನ್ನೂ ಚಿಕ್ಕದು, ತಿರುವುಗಳು ನಿಜದಲ್ಲಿಯೇ ಬಿಗಿಯಾದವು. ಎಲ್ಲಿಯೂ ಹೆಚ್ಚು ಸುಳ್ಳು ಹೇಳಬೇಕಾಗಿಲ್ಲ. ಯಾರ್ಕ್, ಬಾಲ್ಟಿಮೋರ್ ನಗರಗಳು ಗೋಡೆಯ ಹಿಂದೆ ಅಡಗಿಸಿದ ಹಳಿಗಳಾಗಿ ಇವೆ. ಗಾಡಿ ಅಲ್ಲಿಂದ ಬರುತ್ತದೆ, ಅಲ್ಲಿಗೇ ಹೋಗುತ್ತದೆ. ದೊಡ್ಡದರ ತುಣುಕನ್ನು ತೋರಿಸುವುದಕ್ಕಿಂತ ಚಿಕ್ಕದನ್ನು ಇಡಿಯಾಗಿ ತೋರಿಸುವುದು ಮೇಲು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇನ್ನು, ಇದು ಆಟಿಕೆಯೇ? ಆಟಿಕೆಯ ರೈಲು ಸುತ್ತುತ್ತದೆ, ಅಷ್ಟೇ. ಈ ರೈಲಿಗೆ ಕೆಲಸವಿದೆ. ಪ್ರತಿಯೊಂದು ಡಬ್ಬಿಗೂ ಒಂದು ಚೀಟಿ. ಇಂಥ ಡಬ್ಬಿ ಗಿರಣಿಗೆ ಹೋಗಬೇಕು, ಇಂಥದ್ದು ಕಲ್ಲುಹಂಚಿನ ಕಣಜಕ್ಕೆ, ಖಾಲಿಯಾದದ್ದು ಯಾರ್ಕಿಗೆ ಮರಳಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಒಂದು ಸಂಜೆ ಚೀಟಿಗಳನ್ನು ನನ್ನ ಕೈಗೆ ಕೊಟ್ಟು, "ಮಾಮ, ಈ ಡಬ್ಬಿಯನ್ನು ಗಿರಣಿಯ ಹಳಿಗೆ ಸೇರಿಸಿ" ಎಂದ. ಸುಲಭವೆಂದು ಹೊರಟೆ. ಎಂಜಿನ್ನು ಮುಂದಿದೆ, ಡಬ್ಬಿ ಹಿಂದಿದೆ, ಗಿರಣಿಯ ಹಳಿ ಎದುರಿಗೆ ಕವಲೊಡೆಯುತ್ತದೆ. ಹಾಗೆಯೇ ನುಗ್ಗಿದರೆ ಎಂಜಿನ್ನು ಒಳಗೆ ಸಿಕ್ಕಿಬೀಳುತ್ತದೆ, ಡಬ್ಬಿ ಬಾಗಿಲಿಗೆ ಅಡ್ಡ! ಆದ್ದರಿಂದ ಡಬ್ಬಿಯನ್ನು ಬಿಟ್ಟು, ಪಕ್ಕದ ಸುತ್ತುಹಳಿಯಲ್ಲಿ ಎಂಜಿನ್ನನ್ನು ಬಳಸಿ ತಂದು, ಹಿಂದಿನಿಂದ ತಳ್ಳಬೇಕು. ಆ ಸುತ್ತುಹಳಿಯಲ್ಲಿ ಹಿಡಿಸುವುದು ಮೂರೇ ಡಬ್ಬಿ, ನನ್ನ ಬಳಿ ಇದ್ದವು ಐದು. ನಲವತ್ತು ನಿಮಿಷ ತಿಣುಕಿದೆ. ಮೂವತ್ತೈದು ವರ್ಷ ಗಣಿತ ಕಲಿಸಿದವನಿಗೆ ಇಷ್ಟು ಒಳ್ಳೆಯ ಲೆಕ್ಕ ಬಹುಕಾಲದಿಂದ ಸಿಕ್ಕಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಅವನಿಂದ ಕಲಿತೆ. ಅನೇಕ ಶಾರ್ಟ್‌ಲೈನುಗಳಲ್ಲಿ ಓಡಿದ, ಜನರಲ್ ಎಲೆಕ್ಟ್ರಿಕ್ ಕಂಪನಿ 1940ರಿಂದ 1956ರವರೆಗೆ ತಯಾರಿಸಿದ ಒಂದು ಪುಟ್ಟ ಡೀಸೆಲ್ ಎಂಜಿನ್ನಿನ ತೂಕ ಸರಿಯಾಗಿ 44 ಟನ್ನು. ಏಕೆ 44? 90,000 ಪೌಂಡಿಗೆ ಮೀರಿದ ಎಂಜಿನ್ನಿನಲ್ಲಿ ಚಾಲಕನೊಡನೆ ಫೈರ್‌ಮನ್ ಇರಲೇಬೇಕೆಂದು 1937ರಲ್ಲಿ ಕಾರ್ಮಿಕರಿಗೂ ಕಂಪನಿಗಳಿಗೂ ಒಪ್ಪಂದವಾಗಿತ್ತು. 44 ಟನ್ನು ಎಂದರೆ 88,000 ಪೌಂಡು! ಒಬ್ಬನ ಸಂಬಳ ಉಳಿಸಲು ಯಂತ್ರದ ದೇಹವನ್ನೇ ಆ ಮಿತಿಯೊಳಗೆ ಇಳಿಸಿದರು. ಅಂಗೈಯಲ್ಲಿ ಹಿಡಿಸುವ ಮಾದರಿಯನ್ನು ತಿರುಗಿಸಿ ನೋಡುತ್ತಿದ್ದಾಗ, ಅದರೊಳಗೆ ಒಂದು ಕಾಲದ ಕೂಲಿಯ ಇತಿಹಾಸವೇ ಅಡಗಿದೆಯೆಂದು ತೋರಿತು.

"ನಮ್ಮ ಬಂಗಾರಪೇಟೆ-ಕೋಲಾರ-ಚಿಕ್ಕಬಳ್ಳಾಪುರದ ನ್ಯಾರೋಗೇಜ್ ರೈಲನ್ನೇ ಕಟ್ಟಬಾರದಿತ್ತೇ? ಅಮೆರಿಕದ ಅಮ್ಮ-ಅಪ್ಪನೇ ಬೇಕಿತ್ತೇ?" ಎಂದೂ ಕೇಳಿದೆ. ಅವನು ಕೊಂಚ ಹೊತ್ತು ಸುಮ್ಮನಿದ್ದು, "ನನಗೂ ಆಸೆಯಿದೆ ಮಾಮ. ಆದರೆ ಟೇಪು ಹಿಡಿದು ಹೋಗಿ ಅಳೆಯಬಹುದಾದ ಊರು ನನಗೆ ಈಗ ಇದೇ. ನನ್ನ ಮಕ್ಕಳು ಕಿಟಕಿ ನೋಡಿ ಇದು ಯಾವ ಕಟ್ಟಡವೆಂದು ಗುರುತಿಸುವುದೂ ಇದನ್ನೇ" ಎಂದ. ಈ ಉತ್ತರ ನನಗೆ ಸ್ವಲ್ಪ ನೋವನ್ನೂ ಹೆಚ್ಚು ನೆಮ್ಮದಿಯನ್ನೂ ತಂದಿತು. ಹೋದಲ್ಲಿಯ ಮಣ್ಣನ್ನು ಇಷ್ಟು ಗಮನಿಸಿ ನೋಡುವವನು ಅಲ್ಲಿ ಪರದೇಶಿಯಾಗಿ ಉಳಿಯಲಾರ. ಮಣ್ಣನ್ನು ಎಂದದ್ದು ಅಲಂಕಾರಕ್ಕಲ್ಲ. ಆ ಹಳ್ಳಿಯಿಂದ ಒಂದು ಡಬ್ಬಿ ಮಣ್ಣು ತಂದು, ಒಣಗಿಸಿ, ಸೋಸಿ, ನೀರು ಬೆರೆಸಿದ ಅಂಟಿಗೆ ಒಂದು ಹನಿ ಸಾಬೂನು ಸೇರಿಸಿ, ಹಳಿಯ ಪಕ್ಕದಲ್ಲಿ ಅದನ್ನೇ ಅಂಟಿಸಿದ್ದಾನೆ.

ಅವನು ಕಟ್ಟಿರುವುದು 1953ರ ಒಂದು ಶರತ್ಕಾಲದ ದಿನವನ್ನು. ಅಂಚೆಯ ಡಬ್ಬಿ ಇನ್ನೂ ಬರುತ್ತಿದೆ. ಮರುವರ್ಷ ಬರುವುದಿಲ್ಲವೆಂದು ಕಟ್ಟಿದವನಿಗೆ ಗೊತ್ತು. ನಿಲ್ದಾಣದ ಮುಂದೆ ನಿಲ್ಲಿಸಿರುವ ಅರ್ಧ ಅಂಗುಲದೆತ್ತರದ ಹುಡುಗನಿಗೆ ಗೊತ್ತಿಲ್ಲ. ಗಾಡಿಯನ್ನು ತುಂಬಿ ತುಳುಕುವಂತೆ ತೋರಿಸಬಹುದಾಗಿತ್ತು. ಅವನು ಹಾಗೆ ಮಾಡಿಲ್ಲ. ಹಳಿಗಳ ನಡುವೆ ಕಳೆ ಬೆಳೆದಿದೆ, ಒಂದು ಪಕ್ಕದ ಹಳಿಗೆ ತುಕ್ಕು ಹಿಡಿದಿದೆ. ಈ ಪ್ರಾಮಾಣಿಕತೆ ನನಗೆ ಹಿಡಿಸಿತು.

ಈಗ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು. 1979ರಲ್ಲೆಂದು ನೆನಪು, ಏಳನೆಯ ತರಗತಿಗೆ ಅನುಪಾತದ ಪಾಠ ಮಾಡುತ್ತಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಮೇಜಿನ ಕೆಳಗೆ ಬೆಂಕಿಪೊಟ್ಟಣಗಳನ್ನು ಪೋಣಿಸಿದ ರೈಲೊಂದನ್ನು ಇಟ್ಟುಕೊಂಡು ಏನನ್ನೋ ಎಣಿಸುತ್ತಿದ್ದ. ಕಿತ್ತುಕೊಂಡೆ. "ಸಾರ್, ಪ್ಲಾಟ್‌ಫಾರಂ ಹೆಜ್ಜೆಯಲ್ಲಿ ಅಳೆದಿದ್ದೇನೆ, ಎಷ್ಟು ಪೊಟ್ಟಣ ಬೇಕೆಂದು ಲೆಕ್ಕ ಹಾಕುತ್ತಿದ್ದೆ" ಎಂದ. ಅಧಿಕಪ್ರಸಂಗವೆಂದು ಭಾವಿಸಿ ಬೆಂಚಿನ ಮೇಲೆ ನಿಲ್ಲಿಸಿದೆ. ರೈಲನ್ನು ಕಪಾಟಿನಲ್ಲಿ ಇಟ್ಟು ಮರೆತೆ. ವರ್ಗವಾಗಿ ಹೊರಡುವಾಗ ನೋಡಿದರೆ ಅದು ಅಲ್ಲಿರಲಿಲ್ಲ. ಇಡೀ ತರಗತಿಯಲ್ಲಿ ಅಂದು ಅನುಪಾತವನ್ನು ಕಲಿಯುತ್ತಿದ್ದವನು ಅವನೊಬ್ಬನೇ ಎಂಬುದು ತಿಳಿಯಲು ನನಗೆ ಇಷ್ಟು ವರ್ಷವೂ ಒಂದು ವಿಮಾನ ಪ್ರಯಾಣವೂ ಬೇಕಾಯಿತು. ಅವನು ಇದನ್ನು ಓದುತ್ತಿದ್ದರೆ, ತಪ್ಪು ನನ್ನದು.

ಅಕ್ಕಾ, ನಿನಗೆ ಹೇಳುವುದು ಇಷ್ಟೆ. ಪ್ರತಿ ನವರಾತ್ರಿಗೂ ನೀನು ಗೊಂಬೆ ಕೂರಿಸುವಾಗ ರಾಗಿಯ ಮೊಳಕೆಯಿಂದ ಹೊಲ ಮಾಡುತ್ತೀಯೆ, ಕನ್ನಡಿಯಿಂದ ಕೊಳ ಮಾಡುತ್ತೀಯೆ, ಶೆಟ್ಟಿಯ ಅಂಗಡಿಯ ಮುಂದೆ ಹಿಡಿ ಹಿಡಿ ಧಾನ್ಯ ಸುರಿಯುತ್ತೀಯೆ. ಅಂಗಡಿ ಖಾಲಿ ಕಂಡರೆ ನಿನಗೆ ಸಮಾಧಾನವಿಲ್ಲ. ನಿನ್ನ ಮಗ ಆ ಬುದ್ಧಿಯನ್ನು ಬೇರೆಲ್ಲಿಂದಲೂ ತಂದವನಲ್ಲ. ದುಡ್ಡಿನ ವಿಷಯದಲ್ಲಿ ನಿನ್ನ ಮಾತಿಗೆ ಬೆಲೆಯಿದೆ. ಈ ಹವ್ಯಾಸದಲ್ಲಿ ಹೊಳೆಹೊಳೆಯುವ ಎಂಜಿನ್ನುಗಳನ್ನು ಕೊಂಡು ಕೊಂಡು ಗಾಜಿನ ಕಪಾಟು ತುಂಬುವವರೂ ಇದ್ದಾರೆ. ಅವರ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಎರಡು ಎಂಜಿನ್ನು, ಹದಿನೆಂಟು ಡಬ್ಬಿ, ಒಂದು ಹಳ್ಳಿ ಸಾಕೆಂದು ನಿರ್ಧರಿಸಿದವನ ಖರ್ಚು ತಾನಾಗಿಯೇ ಮಿತಿಯಲ್ಲಿರುತ್ತದೆ. ಚಿಕ್ಕ ರೈಲನ್ನು ಆರಿಸಿದ್ದರ ಇನ್ನೊಂದು ಲಾಭವಿದು.

ನಾನು ಬುದ್ಧಿ ಹೇಳಲಿಲ್ಲ. ಬರುವಾಗ ಗಿರಣಿಯ ಕಿಟಕಿಗಳಿಗೆ ಬಣ್ಣ ಬಳಿಯುವುದು ಅರ್ಧಕ್ಕೇ ನಿಂತಿತ್ತು. ಉಳಿದ ಆರು ಕಿಟಕಿಗಳನ್ನು ನನಗಾಗಿಯೇ ಬಿಟ್ಟಿರುವುದಾಗಿ ಮೊನ್ನೆ ತಿಳಿಸಿದ್ದಾನೆ. ದೇವರು ಆರೋಗ್ಯ ಕೊಟ್ಟರೆ ಮುಂದಿನ ಬೇಸಿಗೆಯಲ್ಲಿ ಹೋಗುವವನಿದ್ದೇನೆ.