ತಳ ಹಿಡಿಯದ ಪಾತ್ರೆ

ಚಾರಣದ ಸಾಮಾನು ಮಾರುವಲ್ಲಿ ಅಡುಗೆ ಪಾತ್ರೆಯನ್ನು ಈಗ ಗ್ರಾಮಿನ ಲೆಕ್ಕದಲ್ಲಿ ಹೊಗಳುತ್ತಾರೆ. ನೂರು ಗ್ರಾಂ ಆಸುಪಾಸಿನ ಟೈಟಾನಿಯಂಗೆ ಮೊದಲ ಸ್ಥಾನ, ಅದಕ್ಕಿಂತ ಐವತ್ತು ಅರವತ್ತು ಗ್ರಾಂ ಹೆಚ್ಚು ತೂಗುವ ಅಲ್ಯೂಮಿನಿಯಂಗೆ ಎರಡನೆಯದು, ಸ್ಟೀಲಿಗೆ ಮೂಲೆ. ಬೆಲೆಯೂ ಅದೇ ಕ್ರಮದಲ್ಲಿ ಇಳಿಯುತ್ತದೆ. ಮೊದಲ ಸಲ ಬೆನ್ನಿಗೆ ಚೀಲ ಏರಿಸುವವರು ಹಗುರವಾದದ್ದೇ ಒಳ್ಳೆಯದೆಂದು ನಂಬಿ ಸಾವಿರಗಟ್ಟಲೆ ಸುರಿಯುತ್ತಾರೆ. ಮುಂಬೈ, ಪುಣೆಯಿಂದ ವಾರಾಂತ್ಯಕ್ಕೆ ಸಹ್ಯಾದ್ರಿ ಹತ್ತುವವರ ಮಟ್ಟಿಗಂತೂ ಈ ಲೆಕ್ಕ ತಪ್ಪು.

ಅತಿ ಹಗುರ ಚಾರಣದ ಪದ್ಧತಿ ಬೆಳೆದದ್ದು ಅಮೆರಿಕದ ದೂರದ ಹಾದಿಗಳಲ್ಲಿ. ಪೆಸಿಫಿಕ್ ಕ್ರೆಸ್ಟ್ ಹಾದಿಯ ಉದ್ದ 4,200 ಕಿಲೋಮೀಟರಿಗೂ ಹೆಚ್ಚು. ಅದನ್ನು ನಡೆಯುವವರಿಗಾಗಿ ರೇ ಜಾರ್ಡಿನ್ 1990ರ ದಶಕದಲ್ಲಿ ಬರೆದ ಕೈಪಿಡಿ ಈ ಪದ್ಧತಿಗೆ ದೊಡ್ಡ ಬಲ ಕೊಟ್ಟಿತು. ತಿಂಗಳುಗಟ್ಟಲೆ ನಡೆಯುವ ಬೆನ್ನಿಗೆ ಪ್ರತಿ ಗ್ರಾಮೂ ಭಾರವೇ. ಆದರೆ ಅಲ್ಲಿನ ಬಹಳ ಮಂದಿಯ ರಾತ್ರಿಯೂಟ ಒಣಗಿಸಿದ ಪೊಟ್ಟಣ. ಬಿಸಿನೀರು ಸುರಿದರೆ ಮುಗಿಯಿತು. ಪಾತ್ರೆಯ ಕೆಲಸ ನೀರು ಕುದಿಸುವುದಷ್ಟೇ. ಆ ಕೆಲಸಕ್ಕೆ ಟೈಟಾನಿಯಂ ಸೊಗಸು: ಗಟ್ಟಿ, ತುಕ್ಕು ಹಿಡಿಯದು.

ಸಹ್ಯಾದ್ರಿಯ ಚೀಲದಲ್ಲಿರುವುದು ಖಿಚಡಿಯ ಅಕ್ಕಿಬೇಳೆ, ರವೆ, ಚಹಾಪುಡಿ. ಇಲ್ಲಿ ಪಾತ್ರೆ ಬೇಯಿಸಬೇಕು, ಹುರಿಯಬೇಕು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಟೈಟಾನಿಯಂ ಅಲ್ಯೂಮಿನಿಯಂಗಿಂತ ಭಾರ. ಗಟ್ಟಿಯಾದ್ದರಿಂದ ತೆಳ್ಳಗೆ ತಟ್ಟಿ ಹಗುರ ಮಾಡುತ್ತಾರೆ. ಶಾಖ ಹರಡುವುದರಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಸುಮಾರು ಹತ್ತು ಪಟ್ಟು ಮುಂದು. ಪುಟ್ಟ ಗ್ಯಾಸ್ ಒಲೆಯ ಉರಿ ತೆಳು ಟೈಟಾನಿಯಂನ ನಡುವೆ ಒಂದೇ ಕಡೆ ಕಾಯಿಸುತ್ತದೆ. ಅಂಚಿನ ಅಕ್ಕಿ ಇನ್ನೂ ಅರೆಬೆಂದಿರುವಾಗಲೇ ನಡುವಿನದು ತಳ ಹಿಡಿದಿರುತ್ತದೆ.

ತಳ ಹಿಡಿದ ಪಾತ್ರೆಯ ನಿಜವಾದ ಬೆಲೆ ತಿಳಿಯುವುದು ತೊಳೆಯುವಾಗ. ಹರಿಶ್ಚಂದ್ರಗಡದಂಥ ಕೋಟೆಗಳಲ್ಲಿ ನೀರಿನ ಆಸರೆಯೆಂದರೆ ಬಂಡೆ ಕೊರೆದ ತೊಟ್ಟಿಗಳು, ಮರಾಠಿಯ ‘ಟಾಕೆ’. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಗೆ ಇಳಿಯುತ್ತದೆ. ನಂತರ ಬರುವವರು ಕುಡಿಯಬೇಕಾದದ್ದೂ ಅದನ್ನೇ. ಸೀದ ಅನ್ನ ಉಜ್ಜಲು ಒಂದು ಲೀಟರು ಹೆಚ್ಚು ಬೇಕಾದರೆ, ಅದು ಒಂದು ಕಿಲೋ ನೀರು. ಕೆಳಗಿನ ಹಳ್ಳಿಯಿಂದ ಹೊತ್ತು ತಂದಿದ್ದರೆ, ಅಂಗಡಿಯಲ್ಲಿ ಉಳಿಸಿದ ಅರವತ್ತು ಗ್ರಾಮಿಗೆ ಬೆನ್ನು ತೆತ್ತ ಬಡ್ಡಿಯೇ ಅದು. ಟಾಕೆಯಿಂದ ಎತ್ತಿದ್ದರೆ ಆ ಬಡ್ಡಿ ಮುಂದೆ ಬರುವವರ ತಲೆಯ ಮೇಲೆ.

ಹಾಗಾಗಿ ಪಾತ್ರೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಗ್ರಾಂ?’ ಎಂದಲ್ಲ, ‘ಅದರಲ್ಲಿ ಏನು ಬೇಯುತ್ತದೆ?’ ಎಂದು. ಇಬ್ಬರ ಖಿಚಡಿ ಉಕ್ಕದೆ ಬೇಯಲು ಒಂದೂವರೆ ಲೀಟರಿನ ಪಾತ್ರೆ ಬೇಕು. ಉದ್ದದ ಲೋಟದಂಥದ್ದಕ್ಕಿಂತ ಅಗಲ ತಳದ್ದು ಉರಿಯನ್ನು ಚೆನ್ನಾಗಿ ಹಿಡಿಯುತ್ತದೆ, ಕಲಕುವುದಕ್ಕೂ ಸುಲಭ. ಬಿಗಿಯಾದ ಮುಚ್ಚಳ ಗ್ಯಾಸು ಉಳಿಸುತ್ತದೆ. ಹುಣಸೆಹುಳಿ, ಟೊಮೆಟೊ ಬೀಳುವುದಿದ್ದರೆ ಹಾರ್ಡ್ ಆನೋಡೈಸ್ಡ್ ಅಲ್ಯೂಮಿನಿಯಂ ಆಗಲಿ. ಬರಿಯ ಅಲ್ಯೂಮಿನಿಯಂಗೆ ಹುಳಿ ಆಗದು. ಹಿಡಿಯ ಬದಲು ಅಡುಗೆಮನೆಯ ಇಕ್ಕಳ ಸಾಕು. ಉಂಡ ಮೇಲೆ ಅದೇ ಪಾತ್ರೆಯಲ್ಲಿ ಅರ್ಧ ಲೋಟ ನೀರು ಕಾಯಿಸಿ, ಕಲಕಿ, ಗಂಜಿತಿಳಿಯಂತೆ ಕುಡಿದುಬಿಟ್ಟರೆ ತೊಳೆಯುವ ಕೆಲಸ ಮುಕ್ಕಾಲು ಮುಗಿದಂತೆ.

ಬಿಸಿನೀರಲ್ಲಿ ನೆನೆಸಿದ ಅವಲಕ್ಕಿ, ಒಂದು ಲೋಟ ಚಹಾ ಸಾಕೆನ್ನುವ ಒಂಟಿ ಚಾರಣಿಗರಿಗೆ ಟೈಟಾನಿಯಂ ಸರಿಯಾದ ಪಾತ್ರೆಯೇ. ಹಿಮಾಲಯದ ಮಾತು ಬೇರೆ. 4,000 ಮೀಟರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಕಷ್ಟ. ಅಲ್ಲಿ ಭಾರವಾದರೂ ಪುಟ್ಟ ಕುಕ್ಕರೇ ಗೆಲ್ಲುತ್ತದೆ.

ಹೊರೆಯೆಂದರೆ ಬೆನ್ನ ಮೇಲಿನದಷ್ಟೇ ಅಲ್ಲ. ಸುಟ್ಟ ಗ್ಯಾಸು, ಚೆಲ್ಲಿದ ನೀರು, ಸೀದ ಅನ್ನ ಇವೂ ಪಾತ್ರೆಯ ತೂಕಕ್ಕೆ ಸೇರುತ್ತವೆ. ಅವನ್ನೂ ತೂಗಿದರೆ ಸಾಧಾರಣ ಬೆಲೆಯ ಅಗಲ ಅಲ್ಯೂಮಿನಿಯಂ ಪಾತ್ರೆಯೇ ಸಹ್ಯಾದ್ರಿಗೆ ಹಗುರ.