ಗಿರಾಕಿಯ ಕೈಭಾರವೂ ಗಾಲಿಚೀಲವೂ

ಕಾಮಸಮುದ್ರದಂತಹ ಹೋಬಳಿ ಕೇಂದ್ರದ ದಿನಸಿ ಅಂಗಡಿಯೊಂದರ ಮುಂದೆ ಅರ್ಧ ಗಂಟೆ ನಿಂತು ನೋಡಿದರೆ ಚಿಲ್ಲರೆ ವ್ಯಾಪಾರದ ಒಂದು ಸರಳ ಸತ್ಯ ಗೋಚರವಾಗುತ್ತದೆ. ಗಿರಾಕಿಯು ಚೀಟಿಯಲ್ಲಿ ಬರೆದು ತಂದದ್ದನ್ನೆಲ್ಲ ಕೊಳ್ಳುವುದಿಲ್ಲ. ಹೊತ್ತೊಯ್ಯಲು ಆಗುವಷ್ಟನ್ನು ಮಾತ್ರ ಕೊಳ್ಳುತ್ತಾನೆ. ಐದು ಕಿಲೋ ಎಣ್ಣೆಯ ಡಬ್ಬ ಒಂದು ಲೀಟರಿನ ಪೊಟ್ಟಣಕ್ಕೆ ಇಳಿಯುತ್ತದೆ, ಹತ್ತು ಕಿಲೋ ಅಕ್ಕಿ ಮೂರು ಕಿಲೋ ಆಗುತ್ತದೆ. ವರ್ತಕರು ಇದನ್ನು ಜನರ ಕೈಯಲ್ಲಿ ಕಾಸಿಲ್ಲವೆಂದು ವ್ಯಾಖ್ಯಾನಿಸುವುದೇ ಹೆಚ್ಚು. ಕಾಸಿನ ಕೊರತೆ ಇಲ್ಲವೆನ್ನುವಂತಿಲ್ಲ. ಆದರೆ ಹಲವು ಸಂದರ್ಭಗಳಲ್ಲಿ ಕೊರತೆಯಿರುವುದು ಜೇಬಿನಲ್ಲಲ್ಲ, ತೋಳಿನಲ್ಲಿ.

ಈ ಭಾಗದ ಗಿರಾಕಿಗಳು ಯಾರೆಂಬುದನ್ನು ಗಮನಿಸಬೇಕು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಬಳಿಕ ಕೆ.ಜಿ.ಎಫ್. ಮತ್ತು ಸುತ್ತಲಿನ ಊರುಗಳ ದುಡಿಯುವ ವಯಸ್ಸಿನವರು ಬೆಂಗಳೂರಿನತ್ತ ಮುಖ ಮಾಡಿದರು. ಮಾರಿಕುಪ್ಪಂ ಮತ್ತು ಬಂಗಾರಪೇಟೆಗಳಿಂದ ಬೆಳಗಿನ ರೈಲುಗಳಲ್ಲಿ ಸಾವಿರಾರು ಮಂದಿ ಹೊರಟು ರಾತ್ರಿ ಹಿಂದಿರುಗುತ್ತಾರೆ. ಹಗಲಿನಲ್ಲಿ ಮನೆಯ ಸಾಮಾನು ತರುವ ಹೊಣೆ ವೃದ್ಧರ ಮತ್ತು ಗೃಹಿಣಿಯರ ಮೇಲೆ ಬಿದ್ದಿದೆ. ಈ ಹೊಣೆ ಹಗುರವಾದದ್ದೇನೂ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯ. ನಾಲ್ವರ ಸಂಸಾರಕ್ಕೆ 20 ಕಿಲೋ. ಅಂತ್ಯೋದಯ ಕುಟುಂಬಕ್ಕಾದರೆ 35 ಕಿಲೋ. ಇದು ತಿಂಗಳಿಗೊಮ್ಮೆಯ ಹೊರೆ. ಕೋಲಾರ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆಯಿಂದಾಗಿ ಊರೂರಿನಲ್ಲಿ ತಲೆಯೆತ್ತಿರುವ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ತರುವ ಕ್ಯಾನಿನದು ಮತ್ತೊಂದು ಕಥೆ. ಇಪ್ಪತ್ತು ಲೀಟರ್ ನೀರೆಂದರೆ ಇಪ್ಪತ್ತು ಕಿಲೋ, ಅದೂ ವಾರಕ್ಕೆ ಹಲವು ಬಾರಿ. ಸೊಂಟದ ಮೇಲೋ ತಲೆಯ ಸಿಂಬಿಯ ಮೇಲೋ ಇಷ್ಟನ್ನು ಹೊತ್ತವರಿಗೆ ಅಂಗಡಿಗೆ ಹೋಗಿ ಮತ್ತೆ ಭಾರ ಹೊರುವ ಉತ್ಸಾಹ ಉಳಿದೀತೇ?

ಕೈಚೀಲದ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿದೆ. ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂತು; 2022ರ ಜುಲೈ 1ರಿಂದ ಹಲವು ಬಗೆಯ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ಮನೆಯಿಂದ ಚೀಲ ತರುವ ಹಳೆಯ ಪದ್ಧತಿಗೆ ಕಾನೂನೇ ದಾರಿ ತೋರಿಸಿದಂತಾಯಿತು. ಹೇಗಿದ್ದರೂ ಚೀಲ ತರಬೇಕಾದ ಗಿರಾಕಿ, ಚಕ್ರವಿರುವ ಚೀಲವನ್ನೇ ಏಕೆ ತರಬಾರದು? ಐರೋಪ್ಯ ನಗರಗಳಲ್ಲಿ ಅಜ್ಜಿಯರು ಹಿಂದೆ ಎಳೆದುಕೊಂಡು ಹೋಗುವ ಗಾಲಿಚೀಲ ಇಲ್ಲಿನವರಿಗೆ ಚಿತ್ರಗಳಲ್ಲಿ ಪರಿಚಿತವೇ ಹೊರತು ರಸ್ತೆಯಲ್ಲಲ್ಲ.

ನಾಚಿಕೆ ಒಂದು ಕಾರಣವೆಂಬುದನ್ನು ಒಪ್ಪಬೇಕು. ಇದು ನಮ್ಮ ದೇಶದ ವಿಶೇಷವೇನೂ ಅಲ್ಲ. 1937ರಲ್ಲಿ ಅಮೆರಿಕದ ಒಕ್ಲಹೋಮ ನಗರದ ವರ್ತಕ ಸಿಲ್ವನ್ ಗೋಲ್ಡ್‌ಮನ್ ತನ್ನ ಅಂಗಡಿಯೊಳಗೆ ತಳ್ಳುಗಾಡಿಗಳನ್ನಿಟ್ಟಾಗ ಗಿರಾಕಿಗಳು ಅವನ್ನು ಮುಟ್ಟಲಿಲ್ಲ. ಕೊನೆಗೆ ಗಿರಾಕಿಗಳಂತೆ ನಟಿಸುತ್ತ ಗಾಡಿ ತಳ್ಳಲೆಂದೇ ಆತ ಕೂಲಿಗೆ ಜನರನ್ನು ನೇಮಿಸಬೇಕಾಯಿತು. ಗೋಲ್ಡ್‌ಮನ್ ಕಳವಳಗೊಂಡದ್ದು ಗಿರಾಕಿಯ ಬುಟ್ಟಿ ಭಾರವಾದೊಡನೆ ಖರೀದಿ ನಿಂತುಹೋಗುತ್ತದೆ ಎಂಬ ಕಾರಣಕ್ಕೆ. ಆ ಕಳವಳ ಅಂಗಡಿಯ ಹೊಸ್ತಿಲಿನಾಚೆಗೂ ಸಲ್ಲುತ್ತದೆ.

ನಾಚಿಕೆಗಿಂತ ದೊಡ್ಡ ಅಡ್ಡಿ ಚಕ್ರದ್ದು. ಮಾರುಕಟ್ಟೆಗೆ ಬರುವ ಅಗ್ಗದ ಟ್ರಾಲಿಗಳಲ್ಲಿ ಹಲವು ನಯವಾದ ನೆಲಕ್ಕೆಂದು ಮಾಡಿದವು. ಅವುಗಳ ಚಕ್ರದ ವ್ಯಾಸ ಆರೇಳು ಸೆಂಟಿಮೀಟರ್ ಇದ್ದರೆ ಹೆಚ್ಚು. ನಮ್ಮ ಬೀದಿಗಳಲ್ಲಿ ಡಾಂಬರು ಕಿತ್ತ ಅಂಚು, ಚರಂಡಿಯ ಚಪ್ಪಡಿ, ಜಲ್ಲಿಕಲ್ಲು ಇವೇ ಸಹಜ ನೆಲ. ಎರಡು ಸೆಂಟಿಮೀಟರ್ ಎತ್ತರದ ಒಂದು ಕಲ್ಲಂಚನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಚಕ್ರಗಳ ಮೇಲೆ 15 ಕಿಲೋ ಭಾರವಿದ್ದು, ನಿಂತಲ್ಲಿಂದ ಅಡ್ಡಲಾಗಿ ಎಳೆದರೆ, ಆರು ಸೆಂಟಿಮೀಟರ್ ವ್ಯಾಸದ ಚಕ್ರ ಆ ಅಂಚನ್ನು ಏರಲು ಸುಮಾರು 42 ಕಿಲೋ ತೂಕಕ್ಕೆ ಸಮನಾದ ಎಳೆತ ಬೇಕು. ಅಂದರೆ ಎತ್ತಿಕೊಂಡು ಹೋಗುವುದೇ ಮೇಲು. ಹದಿನೈದು ಸೆಂಟಿಮೀಟರ್ ಚಕ್ರಕ್ಕೆ ಸುಮಾರು 14 ಕಿಲೋ, ಇಪ್ಪತ್ತು ಸೆಂಟಿಮೀಟರ್ ಚಕ್ರಕ್ಕೆ ಸುಮಾರು 11 ಕಿಲೋ ಸಾಕು. ಬಂಡಿಯ ಗಾಲಿಯನ್ನು ಆಳೆತ್ತರಕ್ಕೆ ಕಟ್ಟುತ್ತಿದ್ದ ಹಳ್ಳಿಯ ಬಡಗಿಗೆ ಈ ಸೂತ್ರ ಬರೆದು ತೋರಿಸಬೇಕಾಗಿರಲಿಲ್ಲ. ಆದುದರಿಂದ ಈ ಭಾಗದಲ್ಲಿ ಟ್ರಾಲಿ ಕೊಳ್ಳುವವರೂ ಮಾರುವವರೂ ಮೊದಲು ನೋಡಬೇಕಾದದ್ದು ಚೀಲದ ಬಣ್ಣವನ್ನಲ್ಲ, ಚಕ್ರದ ಅಳತೆಯನ್ನು. ಹದಿನೈದು ಸೆಂಟಿಮೀಟರಿಗಿಂತ ಚಿಕ್ಕದಾದ ಚಕ್ರ ಇಲ್ಲಿ ನಿಷ್ಪ್ರಯೋಜಕ. ಗಟ್ಟಿ ಪ್ಲಾಸ್ಟಿಕ್ಕಿನದಕ್ಕಿಂತ ರಬ್ಬರ್ ಹೊದಿಕೆಯದು ಒಳ್ಳೆಯದು, ಸದ್ದೂ ಕಡಿಮೆ. ಅಚ್ಚು ಉಕ್ಕಿನ ಸರಳಾಗಿರಬೇಕು. ಚಕ್ರವನ್ನು ಬಿಚ್ಚಿ ಬದಲಿಸಲು ಬರುವಂತಿರಬೇಕು. ಒತ್ತಿ ಕೂರಿಸಿದ ಚಕ್ರ ಮುರಿದರೆ ಇಡೀ ಟ್ರಾಲಿ ಗುಜರಿಗೆ.

ತುಂಬುವ ಕ್ರಮದಲ್ಲೂ ಲೆಕ್ಕವಿದೆ. ಎರಡು ಚಕ್ರದ ಟ್ರಾಲಿಯನ್ನು ಓರೆಯಾಗಿಸಿ ಎಳೆಯುವಾಗ ಭಾರದ ಒಂದು ಪಾಲು ಕೈಗೆ ಬರುತ್ತದೆ. ಹಿಡಿಯವರೆಗೆ ಒಂದು ಮೀಟರ್ ಉದ್ದವಿರುವ ಟ್ರಾಲಿಯಲ್ಲಿ 15 ಕಿಲೋ ಸಾಮಾನಿದ್ದು, ಅಕ್ಕಿ, ಬೇಳೆ, ಎಣ್ಣೆಗಳನ್ನು ತಳದಲ್ಲಿಟ್ಟು ಸೊಪ್ಪು, ಬನ್ನುಗಳನ್ನು ಮೇಲಿಟ್ಟರೆ ಕೈಗೆ ತಗಲುವುದು ಸುಮಾರು ಎರಡು ಕಿಲೋ. ಅದೇ ಸಾಮಾನನ್ನು ತಲೆಕೆಳಗಾಗಿ ತುಂಬಿದರೆ ಆರು ಕಿಲೋ ಮೀರಬಹುದು. ಪೊಟ್ಟಣ ಕಟ್ಟುವ ಅಂಗಡಿಯ ಹುಡುಗನಿಗೆ ಇಷ್ಟು ತಿಳಿಸಿಕೊಟ್ಟರೆ ಮುದುಕಿಯೊಬ್ಬಳ ಮಣಿಕಟ್ಟಿಗೆ ನಾಲ್ಕು ಕಿಲೋ ಉಳಿತಾಯ.

ಮಿಕ್ಕ ಗುಣಗಳ ಬಗ್ಗೆ ದೀರ್ಘ ಚರ್ಚೆ ಅನಗತ್ಯ. ಬರಿದಾಗಿದ್ದಾಗ ಮೂರು ಕಿಲೋ ಮೀರದಿರಲಿ. ಬಸ್ಸಿನ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳದಷ್ಟು ಅಗಲವಿರಲಿ. ಚೀಲ ಕಳಚಿ ಒಗೆಯುವಂತಿರಲಿ. ಮೆಟ್ಟಿಲು ಏರುವುದೆಂದು ಪ್ರಚಾರ ಮಾಡುವ ಮೂರು ಮೂರು ಚಕ್ರಗಳ ಮಾದರಿ ನೋಡಲು ಚೆಂದ. ಆದರೆ ಅದರ ಬಿಡಿಭಾಗ ಹೆಚ್ಚು, ಚಕ್ರ ಚಿಕ್ಕದು. ಒಂದೇ ಅಂತಸ್ತಿನ ಮನೆಗಳ ಊರಿನಲ್ಲಿ ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥ.

ದ್ವಿಚಕ್ರ ವಾಹನವುಳ್ಳವರಿಗೆ ಇದಾವುದೂ ಬೇಕಿಲ್ಲ, ಮುಂದಿನ ಕೊಕ್ಕೆಗೆ ಎರಡು ಚೀಲ ನೇತುಹಾಕಿ ಹೊರಡುತ್ತಾರೆ ಎಂದು ವರ್ತಕರು ವಾದಿಸಬಹುದು. ವಾದ ಸರಿಯಾದದ್ದೇ. ಎರಡು ಕಿಲೋಮೀಟರ್ ಮೀರಿದ ದಾರಿಗೂ, ಮಳೆಗಾಲದ ಕೆಸರಿಗೂ ಗಾಲಿಚೀಲ ಪರಿಹಾರವಲ್ಲ. ಆದರೆ ವಾಹನವಿರುವ ಗಿರಾಕಿ ಕಾಮಸಮುದ್ರದ ಅಂಗಡಿಗೇ ಬರಬೇಕೆಂಬ ನಿಯಮವೂ ಇಲ್ಲ. ಆತ ಬಂಗಾರಪೇಟೆಗೋ ರಾಬರ್ಟ್‌ಸನ್‌ಪೇಟೆಗೋ ಹೋಗಿ ಕೊಂಡು ತರಬಲ್ಲ, ಬೆಂಗಳೂರಿನಿಂದ ಮರಳುವಾಗಲೂ ತರಬಲ್ಲ. ಊರಿನ ಅಂಗಡಿಗೆ ನಿಷ್ಠನಾಗಿ ಉಳಿದಿರುವವನು ನಡೆದು ಬರುವ ಗಿರಾಕಿಯೇ. ಅವನ ಕೈಭಾರದ ಬಗ್ಗೆ ಅಂಗಡಿಕಾರ ಯೋಚಿಸದಿದ್ದರೆ ಮನೆಬಾಗಿಲಿಗೆ ತಲುಪಿಸುವ ದೊಡ್ಡ ಕಂಪನಿಗಳು ಯೋಚಿಸುತ್ತವೆ. ಅವು ಇಂದಲ್ಲ ನಾಳೆ ಸಣ್ಣ ಊರುಗಳಿಗೂ ಕಾಲಿಡಲಿವೆ.

ತಯಾರಕರಿಗೂ ಇಲ್ಲಿ ಒಂದು ಕೆಲಸ ಕಾದಿದೆ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಿಂದ ಅದಿರು ತೆಗೆದ ಊರಿದು. ಅಲ್ಲಿ ಅದಿರು ಸಾಗಿದ್ದು ಹಳಿಯ ಮೇಲಿನ ಗಾಲಿತೊಟ್ಟಿಗಳಲ್ಲಿ; ಅದನ್ನು ಅಗೆದವನ ಮನೆಯವರು ಮಾತ್ರ ಅಕ್ಕಿಯನ್ನು ಇಂದಿಗೂ ತಲೆಯ ಮೇಲೆ ಹೊರುತ್ತಾರೆ. ಗಣಿಯ ಕಾರ್ಯಾಗಾರಗಳೂ 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಾರ್ಖಾನೆಯೂ ಈ ನೆಲದಲ್ಲಿ ಬೆಸುಗೆ, ಲೇತು, ಫಿಟ್ಟಿಂಗ್ ಬಲ್ಲ ಪೀಳಿಗೆಗಳನ್ನೇ ಬೆಳೆಸಿವೆ. ಮುಕ್ಕಾಲು ಅಂಗುಲದ ಉಕ್ಕಿನ ಕೊಳವೆ ಬಗ್ಗಿಸಿ, ತಳಕ್ಕೆ ಒಂದು ಚಪ್ಪಟೆ ಹಲಗೆ ಕೂರಿಸಿ, ಹನ್ನೆರಡು ಮಿಲಿಮೀಟರ್ ಸರಳಿನ ಅಚ್ಚು ಹಾಕುವುದು ಅಂಥವರಿಗೆ ಕಷ್ಟದ ಕೆಲಸವಲ್ಲ. ಚಕ್ರವನ್ನು ಹೊರಗಿನಿಂದ ತರಿಸಬಹುದು. ಚೀಲವನ್ನು ಗಾರ್ಮೆಂಟ್ಸ್ ಅನುಭವವುಳ್ಳ ಮಹಿಳೆಯರು ಮನೆಯಲ್ಲೇ ಹೊಲಿಯಬಲ್ಲರು. ಹೊರದೇಶದ ಮಾದರಿಯನ್ನು ಹಾಗೆಯೇ ನಕಲು ಮಾಡುವುದು ಮಾತ್ರ ತಪ್ಪಾದೀತು. ಅದು ರೊಟ್ಟಿ, ಹಾಲು, ತರಕಾರಿಗಳಿಗೆಂದು ಮಾಡಿದ್ದು. ಇಲ್ಲಿ ಬೇಕಾದದ್ದು ಸೋಮವಾರ ನೀರಿನ ಕ್ಯಾನನ್ನೂ ಮಂಗಳವಾರ ಪಡಿತರದ ಅಕ್ಕಿಯನ್ನೂ ಬುಧವಾರ ಚೀಲ ಸಿಕ್ಕಿಸಿಕೊಂಡು ದಿನಸಿಯನ್ನೂ ಹೊರುವ ಒಂದೇ ಚೌಕಟ್ಟು. 25 ಕಿಲೋ ತಾಳುವಂಥದ್ದು, ಕ್ಯಾನು ಜಾರದಂತೆ ಪಟ್ಟಿಯಿರುವಂಥದ್ದು. ಗಾಲಿಚೀಲಕ್ಕೆ ಹೆಸರಾದ ಸ್ಪೇನಿನ ರೋಲ್ಸರ್ ಸಂಸ್ಥೆ 1966ರಲ್ಲಿ ಪೆದ್ರೆಗೆರ್ ಎಂಬ ಸಣ್ಣ ಊರಿನಲ್ಲಿ ಬುಟ್ಟಿ ಹೆಣೆಯುವ ಕಸುಬಿನಿಂದಲೇ ಆರಂಭವಾದದ್ದು.

ಇಷ್ಟಾದರೂ ಪಿಂಚಣಿಯಲ್ಲಿ ಬದುಕುವ ವೃದ್ಧರು ಮೊದಲ ದಿನವೇ ಹಣ ಕೊಟ್ಟು ಟ್ರಾಲಿ ಕೊಳ್ಳುವರೆಂದು ನಿರೀಕ್ಷಿಸಲಾಗದು. ಆದ್ದರಿಂದ ಅಂಗಡಿಯೇ ಎರಡನ್ನು ಇರಿಸಿಕೊಂಡು, ಸಣ್ಣ ಠೇವಣಿ ಪಡೆದು ಎರವಲು ಕೊಡುವುದು ಸೂಕ್ತ. ಹಿಂದೆ ಸೋಡಾ ಬಾಟಲಿಗೆ ಇದ್ದ ಪದ್ಧತಿಯೇ ಇದು. ಟ್ರಾಲಿಯ ಮೇಲೆ ಅಂಗಡಿಯ ಹೆಸರು ದಪ್ಪಕ್ಷರದಲ್ಲಿದ್ದರೆ ಕಳವೂ ಕಡಿಮೆ, ಬೀದಿ ಬೀದಿಯಲ್ಲಿ ಪ್ರಚಾರವೂ ಪುಕ್ಕಟೆ. ಹಿಂದಿರುಗಿಸಲು ಬರುವ ಗಿರಾಕಿ ಬರಿಗೈಯಲ್ಲಿ ಹೋಗುವುದು ಅಪರೂಪ. ಆರು ತಿಂಗಳಲ್ಲಿ ಎಷ್ಟು ಬಾರಿ ಎರವಲು ಹೋಯಿತು, ಆ ದಿನಗಳ ಬಿಲ್ಲಿನ ಮೊತ್ತವೆಷ್ಟು ಎಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಟ್ಟರೆ ಲಾಭನಷ್ಟ ತಾನೇ ತಿಳಿಯುತ್ತದೆ. ಅದೇ ಪುಸ್ತಕ ತಯಾರಕನಿಗೆ ಮುಂದಿನ ಆರ್ಡರಿನ ಆಧಾರವೂ ಆದೀತು.

ಅದಕ್ಕೂ ಮುನ್ನ ವರ್ತಕರು ತಮ್ಮ ಅಂಗಡಿಯ ಮುಂದಿನ ಎರಡು ಮೆಟ್ಟಿಲನ್ನು ಒಮ್ಮೆ ನೋಡಿಕೊಳ್ಳಬೇಕು. ಒಂದು ಪಕ್ಕದಲ್ಲಿ ಎರಡಡಿ ಅಗಲದ ಇಳಿಜಾರು ಕಟ್ಟಿಸಲು ಒಂದು ಮೂಟೆ ಸಿಮೆಂಟು, ಗಾರೆಯವನ ಅರ್ಧ ದಿನದ ಕೂಲಿ ಸಾಕಾಗುತ್ತದೆ.