ಧರ್ಮಯುದ್ಧಗಳೂ ಕಲ್ಯದ ಶಾಸನವೂ

ಧರ್ಮಯುದ್ಧಗಳ ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಿ ಎಂಬ ಪ್ರಶ್ನೆಗೆ ಉತ್ತರ ನಮಗೆಲ್ಲ ಬಾಯಿಪಾಠ. 1095ರಲ್ಲಿ ಕ್ಲೆರ್ಮಾಂಟಿನ ಸಭೆಯಲ್ಲಿ ಪೋಪ್ ಎರಡನೆಯ ಅರ್ಬನ್ ಕರೆಕೊಟ್ಟನು. 1099ರಲ್ಲಿ ಜೆರೂಸಲೇಮು ಕ್ರೈಸ್ತಸೇನೆಯ ವಶವಾಯಿತು. 1187ರಲ್ಲಿ ಸಲಾದಿನನು ಅದನ್ನು ಗೆದ್ದುಕೊಂಡನು. ಇಷ್ಟನ್ನು ಬರೆದು, ವ್ಯಾಪಾರ ಬೆಳೆಯಿತೆಂದು ಸೇರಿಸಿ, ಕೊನೆಗೆ ನಮ್ಮಲ್ಲಿ ಹಲವರು ಇನ್ನೊಂದು ಮಾತನ್ನೂ ಬರೆಯುತ್ತಾರೆ: ನಮ್ಮ ನಾಡಿನಲ್ಲಿ ಇಂಥದು ನಡೆಯಲಿಲ್ಲ, ನಾವು ಹುಟ್ಟಿನಿಂದಲೇ ಸಹಿಷ್ಣುಗಳು. ಈ ಕೊನೆಯ ಮಾತಿನ ಮೇಲೆಯೇ ನನ್ನ ತಕರಾರು.

ಯೂರೋಪಿನ ಆ ಯುದ್ಧಗಳಿಗೆ ಭಕ್ತಿಯೊಂದೇ ಕಾರಣವಲ್ಲ. ದಂಡಯಾತ್ರೆಗೆ ಹೊರಟವನಿಗೆ ಪಾಪದ ಪ್ರಾಯಶ್ಚಿತ್ತ ಮಾಫಿಯಾಗುವುದೆಂದು ಧರ್ಮಪೀಠವೇ ಮಾತುಕೊಟ್ಟಿತು. ಹೀಗೆ ಕೊಲೆಗೆ ಪುಣ್ಯದ ಮುದ್ರೆ ಬಿದ್ದ ಮೇಲೆ ಕತ್ತಿ ಎತ್ತ ತಿರುಗೀತೆಂದು ಹೇಳುವವರಾರು? 1096ರಲ್ಲಿ, ಜೆರೂಸಲೇಮು ಇನ್ನೂ ಸಾವಿರಾರು ಮೈಲಿ ದೂರವಿರುವಾಗಲೇ, ರೈನ್ ನದಿಯ ದಂಡೆಯ ವರ್ಮ್ಸ್, ಮೈಂಟ್ಸ್ ಊರುಗಳ ಯಹೂದ್ಯರು ಹತರಾದರು. ವೆನಿಸ್ಸಿನವರ ಹಡಗಿನ ಸಾಲ ತೀರಿಸಲಾಗದ ನಾಲ್ಕನೆಯ ಯುದ್ಧದವರು 1204ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಸೂರೆಮಾಡಿದರು. ಅದು ಕ್ರೈಸ್ತರದೇ ನಗರ!

ಇನ್ನು ನಮ್ಮ ನಾಡು. ಏಕಾಂತದ ರಾಮಯ್ಯನು ತಲೆಯನ್ನೇ ಪಣವಾಗಿಟ್ಟು ಜೈನರೊಡನೆ ವಾದಿಸಿ, ಕಾವಲಿನವರನ್ನು ಓಡಿಸಿ ಜಿನಬಿಂಬವನ್ನು ಒಡೆದ ಕಥೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿದೆ. ಅದು ಗೆದ್ದವರು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದ್ದು. ಜಗಳ ನಮ್ಮಲ್ಲಿಯೂ ಇತ್ತು ಎನ್ನಲು ಬೇರೆ ಸಾಕ್ಷಿ ಏಕೆ ಬೇಕು?

ಆದರೆ 1368ರಲ್ಲಿ ನಡೆದದ್ದು ಬೇರೆ ಬಗೆಯದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು, ಶ್ರೀವೈಷ್ಣವರು ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. ಪಂಚಮಹಾವಾದ್ಯಗಳನ್ನು ಬಾರಿಸುವ, ಕಲಶವನ್ನು ಹೊರುವ ಹಕ್ಕು ಯಾರದು ಎಂಬುದು ವ್ಯಾಜ್ಯದ ತಿರುಳು. ರಾಯನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಕಟ್ಟಳೆ ಮುರಿದವನು ಯಾವ ಮತದವನಾದರೂ ರಾಜದ್ರೋಹಿ. ಶಾಸನ ಶ್ರವಣಬೆಳಗೊಳದಲ್ಲಿದೆ, ಅದರ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಆ ಕಲ್ಯವೇ ಕಲ್ಲೆಹ. ರಾಯನಲ್ಲಿ ಬಿನ್ನಹ ಮಾಡಿದ ಬುಸುವಿಸೆಟ್ಟಿ ಅದೇ ಊರಿನವನು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿದ್ದನ್ನು ರಾತ್ರಿ ಊಟದ ಹೊತ್ತಿನಲ್ಲಿ ತಂದೆಯವರಿಗೆ ಹೇಳುವ ರೂಢಿಯುಂಟು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ದುಡಿಯುವ ಅವರಿಗೆ ಈ ಶಾಸನದ ಮುಂದಿನ ಭಾಗವನ್ನು ಹೇಳಿದೆ: ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ತಿರುಮಲೆಯ ತಾತಯ್ಯನು ನೇಮಿಸತಕ್ಕದ್ದು. ತಂದೆಯವರು ಕೇಳಿದ್ದು ಒಂದೇ ಮಾತು: “ಅವರ ಸಂಬಳ ಯಾರು ಕೊಟ್ರಪ್ಪ?”

ಜೈನರೇ ಕೊಟ್ಟರು. ವರ್ಷಕ್ಕೆ ಮನೆಯೊಂದಕ್ಕೆ ಒಂದು ಹಣ. ಮಿಕ್ಕದ್ದು ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಯಲು. ಅನ್ಯಾಯಕ್ಕೊಳಗಾದವರೇ ತಮ್ಮ ರಕ್ಷಣೆಯ ಖರ್ಚನ್ನೂ ಹೊತ್ತರು. ಹುಟ್ಟಿನಿಂದಲೇ ಸಹಿಷ್ಣುಗಳಾದ ಜನರ ನಡುವೆ ದೇವರಿಗೆ ಇಪ್ಪತ್ತು ಕಾವಲುಗಾರರು ಏಕೆ? ಬುಕ್ಕರಾಯನನ್ನು ಸಂತನೆಂದು ನಾನು ಹೊಗಳಲಾರೆ. ಅದೇ ದಶಕದಲ್ಲಿ ಬಹಮನಿ ಸುಲ್ತಾನರೊಡನೆ ಯುದ್ಧ ಮಾಡಿದ ಅರಸನಿಗೆ ಮನೆಯೊಳಗಿನ ಜಗಳ ಬೇಡವಾಗಿತ್ತು. ಸೆಟ್ಟಿಗಳ ಮಾತಿಗೂ ಬೆಲೆಯಿತ್ತು. ಆದರೂ ಅರ್ಬನ್ ಪೋಪನಿಗೂ ಈತನಿಗೂ ಇರುವ ಅಂತರ ಕಡಮೆಯದಲ್ಲ. ಆತ ತನ್ನವರ ಕೈಗೆ ಕತ್ತಿ ಕೊಟ್ಟ. ಈತ ಬಲವಿದ್ದವರ ಕೈಗೆ ದುರ್ಬಲರ ಕೈಯನ್ನು ಕೊಟ್ಟು, ಹೊಣೆ ನಿಮ್ಮದು ಎಂದ. ಅದು ಯಾರ ಹುಟ್ಟುಗುಣವೂ ಅಲ್ಲ. ಆಚಾರ್ಯರನ್ನು ಕರೆಸಿ, ಹಣದ ಲೆಕ್ಕ ಹಾಕಿ, ದಂಡನೆ ಗೊತ್ತುಮಾಡಿ ಕಟ್ಟಿದ ಏರ್ಪಾಡು. ಪರೀಕ್ಷೆಯ ಉತ್ತರದಲ್ಲಿ ನಾವು ಇದನ್ನು ಬರೆಯಬೇಕು, ಆ ಹೆಮ್ಮೆಯ ಮಾತನ್ನಲ್ಲ.

ಕಾಲೇಜಿನ ಪ್ರವಾಸವೆಂದರೆ ಹಂಪೆ, ಬೇಲೂರು. ಕಲ್ಯಕ್ಕೆ ನಮ್ಮ ಮಾಗಡಿ ರಸ್ತೆಯೇ ಹೋಗುತ್ತದೆ. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೊರಟರೆ ಸಂಜೆಗೆ ಹಿಂತಿರುಗಬಹುದು. ಇತಿಹಾಸದ ಅಧ್ಯಾಪಕರು ಮನಸ್ಸು ಮಾಡಿದರೆ ಬಸ್ಸಿನ ಹಣ ಕೂಡಿಸುವ ಕೆಲಸ ನನಗಿರಲಿ.